ಸಂಬಳದ ಶೀಟಿನಿಂದ ಶುರುಮಾಡಿ: ಸಣ್ಣ ಉದ್ಯಮದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು

ಫೆಬ್ರವರಿ ಮೂರನೇ ವಾರ ಬಂತೆಂದರೆ ಸಣ್ಣ ಉದ್ಯಮದ ಮಾಲೀಕರಿಂದ ನನಗೆ ಒಂದೇ ಬಗೆಯ ಫೋನು. "ಮೇಡಂ, ಮಹಿಳಾ ದಿನಕ್ಕೆ ನಮ್ಮ ಯೂನಿಟ್‌ನಲ್ಲಿ ಏನಾದ್ರೂ ಮಾಡಬೇಕಲ್ಲ, ಐಡಿಯಾ ಕೊಡಿ." ರಂಗೋಲಿ ಸ್ಪರ್ಧೆ ಇಡಿ, ಸ್ಟೀಲ್ ಡಬ್ಬಿ ಹಂಚಿ ಎಂದರೆ ಅವರಿಗೂ ಖುಷಿ, ನನಗೂ ಕೆಲಸ ಮುಗಿಯುತ್ತದೆ. ಉಳಿದ ಹನ್ನೊಂದು ತಿಂಗಳು ಬರುವ ಪ್ರಶ್ನೆಗಳೇ ಬೇರೆ. "ನಮ್ಮಲ್ಲಿರೋದೇ ಇಪ್ಪತ್ತೆರಡು ಜನ, ಈ ಲೈಂಗಿಕ ಕಿರುಕುಳದ ದೂರು ಕೇಳೋ ಸಮಿತಿ ಗಿಮಿತಿ ಎಲ್ಲ ನಮಗೂ ಬೇಕಾ?" "ಹೊಸದಾಗಿ ಮದುವೆಯಾದವಳನ್ನ ತಗೊಂಡ್ರೆ ಆರು ತಿಂಗಳ ಸಂಬಳ ಸುಮ್ಮನೆ ಕೊಡಬೇಕಲ್ಲ?" ಇವೇ ಎರಡು ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಒಮ್ಮೆ ಕೂತು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಇದು 10ರಿಂದ 200 ಜನ ಇರುವ ಜಾಗಗಳಿಗೆ. ಪೀಣ್ಯದ ಪ್ಯಾಕಿಂಗ್ ಯೂನಿಟ್, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್, ಕುಂದಾಪುರದ ಗೇರುಬೀಜ ಕಾರ್ಖಾನೆ, ದಾವಣಗೆರೆಯ ಬಟ್ಟೆ ಅಂಗಡಿ, ಹುಬ್ಬಳ್ಳಿಯ ಹದಿನೈದು ಜನರ ಸಾಫ್ಟ್‌ವೇರ್ ಕಚೇರಿ, ಯಾವುದಾದರೂ ಸರಿ. ದೊಡ್ಡ ಕಂಪನಿಗಳಿಗೆ ಎಚ್‌ಆರ್ ವಿಭಾಗವಿದೆ, ಅವರು ನೋಡಿಕೊಳ್ಳುತ್ತಾರೆ.

ಶುರುಮಾಡುವ ಮೊದಲು ಮೇಜಿನ ಮೇಲೆ ಇಷ್ಟು ಇಟ್ಟುಕೊಳ್ಳಿ: ಕಳೆದ ಮೂರು ತಿಂಗಳ ಸಂಬಳದ ಶೀಟು, ಹಾಜರಿ ಪುಸ್ತಕ, ಯಾರು ಯಾವ ಹುದ್ದೆಯಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂಬ ಪಟ್ಟಿ. ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಮಾಲೀಕರ ಎರಡು ಅರ್ಧ ದಿನ. ಅದನ್ನು ಮ್ಯಾನೇಜರ್‌ಗೆ ವಹಿಸಿಬಿಟ್ಟರೆ ಆಗುವುದಿಲ್ಲ, ಏಕೆಂದರೆ ಮುಂದೆ ಹೊರಬೀಳುವ ಅರ್ಧ ಸಂಗತಿಗಳು ಮ್ಯಾನೇಜರ್ ಮಾಡಿಟ್ಟವೇ ಆಗಿರುತ್ತವೆ.

ಇನ್ನೊಂದು ಮಾತು. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸಂಹಿತೆ ಎಂದರೆ ಹಲವು ಹಳೆಯ ಕಾಯ್ದೆಗಳನ್ನು ಒಟ್ಟುಗೂಡಿಸಿದ ಒಂದು ಕಾಯ್ದೆ. ನಿಮ್ಮ ಆಡಿಟರ್ ಇನ್ನೂ "ಸಮಾನ ವೇತನ ಕಾಯ್ದೆ", "ಹೆರಿಗೆ ಸೌಲಭ್ಯ ಕಾಯ್ದೆ" ಎಂದೇ ಹೇಳಬಹುದು. ಹೆಸರು ಬದಲಾಗಿದೆ, ಇಲ್ಲಿ ನಾನು ಹೇಳುವ ಹಕ್ಕುಗಳು ಹಾಗೇ ಉಳಿದಿವೆ.

1. ಮೊದಲು ಎಣಿಸಿ

ಒಂದು ಹಾಳೆ ತೆಗೆದುಕೊಂಡು ಹುದ್ದೆವಾರು ಗಂಡಸರೆಷ್ಟು, ಹೆಂಗಸರೆಷ್ಟು ಬರೆಯಿರಿ. ಪಕ್ಕದಲ್ಲಿ ಸಂಬಳ. ಬೇಸಿಕ್ (ಮೂಲ ವೇತನ) ಮಾತ್ರ ಬರೆದು ನಿಲ್ಲಿಸಬೇಡಿ, ತಿಂಗಳ ಕೊನೆಗೆ ಕೈಗೆ ಬಂದದ್ದನ್ನು ಬರೆಯಿರಿ. ಗುಟ್ಟಿರುವುದು ಅಲ್ಲೇ.

ನಾನು ನೋಡಿದ ಒಂದು ಶೀಟಿನಲ್ಲಿ ಬೇಸಿಕ್ ಎಲ್ಲರಿಗೂ ಒಂದೇ ಇತ್ತು, ಮಾಲೀಕರು ಹೆಮ್ಮೆಯಿಂದಲೇ ತೋರಿಸಿದರು. ಕೈಗೆ ಬರುವ ಮೊತ್ತದಲ್ಲಿ ಎರಡು ಸಾವಿರದ ಮೇಲೆ ವ್ಯತ್ಯಾಸ. ಕಾರಣ ಎರಡು. ಓಟಿ, ಅಂದರೆ ಹೆಚ್ಚುವರಿ ಗಂಟೆಯ ಕೆಲಸ, ಗಂಡಸರಿಗೆ ಮಾತ್ರ ಹೋಗುತ್ತಿತ್ತು, "ಹೆಂಗಸರು ಏಳರ ಮೇಲೆ ನಿಲ್ಲಲ್ಲ" ಎಂದು ಯಾರನ್ನೂ ಕೇಳದೆ ತೀರ್ಮಾನವಾಗಿತ್ತು. ಎರಡನೆಯದು ಹಾಜರಿ ಬೋನಸ್: ತಿಂಗಳಲ್ಲಿ ಒಂದು ದಿನ ತಪ್ಪಿದರೂ ಪೂರ್ತಿ ಕಡಿತ. ಮಗುವಿಗೆ ಜ್ವರ ಬಂದರೆ ರಜೆ ಹಾಕುವವರು ಯಾರು, ನಿಮಗೇ ಗೊತ್ತು. ನಿಯಮದಲ್ಲಿ ಗಂಡು ಹೆಣ್ಣೆಂದು ಬರೆದಿರದಿದ್ದರೂ ಪೆಟ್ಟು ಬೀಳುವುದು ಒಬ್ಬರಿಗೇ. ಬೋನಸ್ಸನ್ನು ಹಂತಹಂತವಾಗಿ ಮಾಡಿ: ಒಂದು ದಿನ ತಪ್ಪಿದರೆ ಸ್ವಲ್ಪ ಕಡಿತ, ಎರಡಾದರೆ ಇನ್ನಷ್ಟು.

ಇನ್ನೊಂದು ಹಳೆಯ ಜಾಣತನವಿದೆ: ಒಂದೇ ಕೆಲಸಕ್ಕೆ ಎರಡು ಹೆಸರು. "ಪ್ಯಾಕಿಂಗ್ ಹೆಲ್ಪರ್" ಎಂದರೆ ಹೆಂಗಸು, "ಜನರಲ್ ಹೆಲ್ಪರ್" ಎಂದರೆ ಗಂಡಸು. ಕೆಲಸ ಮಾತ್ರ ಒಂದೇ ಟೇಬಲ್ಲಿನಲ್ಲಿ. ಆ ನಾಲ್ಕರಲ್ಲಿ ಒಂದಾದ ವೇತನ ಸಂಹಿತೆ ನೋಡುವುದು ಹುದ್ದೆಯ ಹೆಸರನ್ನಲ್ಲ; ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಒಂದೇ ಆಗಿದ್ದರೆ ಕೂಲಿಯೂ ಒಂದೇ. "ಗಂಡಸರು ಮೂಟೆ ಎತ್ತುತ್ತಾರೆ" ಎಂಬ ವಾದಕ್ಕೆ ನಾನು ಕೇಳುವುದು: ದಿನಕ್ಕೆ ಎಷ್ಟು ಸಲ? ಎಷ್ಟೋ ಕಡೆ ಉತ್ತರ "ಲಾರಿ ಬಂದಾಗ". ಒಂದು ತಳ್ಳುಗಾಡಿ ತಂದಿಡಿ, ವಾದ ಅಲ್ಲಿಗೆ ಮುಗಿಯಿತು.

ಎಡವುವ ಜಾಗ: ವ್ಯತ್ಯಾಸ ಕಂಡ ಕೂಡಲೇ ಕೆಲವರು ಗಂಡಸರ ಸಂಬಳ ಇಳಿಸಿ "ಸಮ" ಮಾಡುತ್ತಾರೆ. ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ. ಕೆಳಗಿರುವವರನ್ನು ಮೇಲೆ ತರಬೇಕು, ಮೇಲಿರುವವರನ್ನು ಇಳಿಸುವಂತಿಲ್ಲ. ಒಂದೇ ತಿಂಗಳಲ್ಲಿ ಆಗದಿದ್ದರೆ ಯಾವ ತಿಂಗಳು ಎಷ್ಟು ಏರಿಸುತ್ತೀರಿ ಎಂದು ದಿನಾಂಕ ಹಾಕಿ ಬರೆದಿಡಿ. ಅದು ಪೂರ್ತಿ ಸರಿ ಮಾಡುವ ದಾರಿಯಷ್ಟೇ, ಕೊಡದೆ ಉಳಿಸಿಕೊಳ್ಳಲು ನೆಪವಲ್ಲ.

2. ಆಂತರಿಕ ಸಮಿತಿ, ಕಾಗದದ ಮೇಲಿನದಲ್ಲ

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ ಬಂದದ್ದು 2013ರಲ್ಲಿ. ಕಂಪನಿಗಳವರು ಇದನ್ನು ಪೋಶ್ ಎನ್ನುತ್ತಾರೆ. ಬೇರು ಇರುವುದು 1997ರ ವಿಶಾಖಾ ತೀರ್ಪಿನಲ್ಲಿ. ಬಾಲ್ಯವಿವಾಹ ತಡೆಯಲು ಹೋದ ರಾಜಸ್ಥಾನದ ಭಂವರಿ ದೇವಿಯವರ ಮೇಲೆ ನಡೆದ ಅತ್ಯಾಚಾರದ ನಂತರ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿ ಅದು.

10 ಜನ ಕೆಲಸ ಮಾಡುವ ಎಲ್ಲ ಜಾಗಕ್ಕೂ ಆಂತರಿಕ ಸಮಿತಿ ಬೇಕು. 10 ಹೆಂಗಸರಲ್ಲ, 10 ಜನ. ಗುತ್ತಿಗೆಯವರು, ದಿನಗೂಲಿಯವರು, ಟ್ರೈನಿಗಳು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಶಾಖೆ ಬೇರೆ ಊರಲ್ಲಿದ್ದರೆ ಅದಕ್ಕೆ ಬೇರೆ ಸಮಿತಿ. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಗೊಂದು ಇರುವ ಸ್ಥಳೀಯ ಸಮಿತಿಗೆ ಹೋಗಬಹುದು. ಈ ವಿಷಯವನ್ನು ನೌಕರರಿಗೆ ಹೇಳುವುದೂ ನಿಮ್ಮದೇ ಕೆಲಸ.

ಸಮಿತಿ ಹೀಗಿರಬೇಕು: ಹಿರಿಯ ಹುದ್ದೆಯ ಮಹಿಳಾ ನೌಕರರೊಬ್ಬರು ಅಧ್ಯಕ್ಷೆ, ನೌಕರರಲ್ಲಿ ಕನಿಷ್ಠ ಇಬ್ಬರು ಸದಸ್ಯರು, ಸ್ವಯಂಸೇವಾ ಸಂಸ್ಥೆಯಿಂದ ಅಥವಾ ಈ ವಿಷಯ ಬಲ್ಲ ಹೊರಗಿನವರೊಬ್ಬರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು. ಅವಧಿ ಮೂರು ವರ್ಷ ಮೀರುವಂತಿಲ್ಲ.

ನಾನು ಕೆಲವು ಕಡೆ ಹೊರಗಿನ ಸದಸ್ಯೆಯಾಗಿ ಕೂರುತ್ತೇನೆ. ಮತ್ತೆ ಮತ್ತೆ ಕಾಣುವ ತಪ್ಪುಗಳಿವು.

ಮಾಲೀಕರ ಹೆಂಡತಿಯನ್ನು ಅಧ್ಯಕ್ಷೆ ಮಾಡುವುದು. ಅವರು ಎಷ್ಟೇ ಒಳ್ಳೆಯವರಾಗಿರಲಿ, ಅಲ್ಲಿ ಕೆಲಸ ಮಾಡುವ ನೌಕರರಲ್ಲದಿದ್ದರೆ ಆಗುವುದಿಲ್ಲ. ನೌಕರರಾಗಿದ್ದರೂ ಅವರ ಮುಂದೆ ಬಾಯಿ ಬಿಡುವವರು ಯಾರು? ನಿಮ್ಮಲ್ಲಿ ಹಿರಿಯ ಮಹಿಳೆ ಇಲ್ಲದಿದ್ದರೆ ನಿಮ್ಮದೇ ಇನ್ನೊಂದು ಯೂನಿಟ್‌ನಿಂದ ತರಬಹುದು.

ದೂರು ಪೆಟ್ಟಿಗೆಯನ್ನು ಸಿಸಿಟಿವಿ ಕ್ಯಾಮೆರಾದ ಕೆಳಗೆ, ಸೂಪರ್‌ವೈಸರ್ ಟೇಬಲ್ಲಿನ ಪಕ್ಕ ತೂಗುಹಾಕುವುದು. ಒಂದು ಕಡೆ ಅದರ ಕೀಲಿ ಸೂಪರ್‌ವೈಸರ್ ಬಳಿಯೇ ಇತ್ತು. ತೆರೆಸಿ ನೋಡಿದರೆ ಒಳಗೆ ಎರಡು ಚಾಕೊಲೇಟ್ ಕಾಗದ, ಒಂದು ಬಸ್ ಟಿಕೆಟ್. ಪೆಟ್ಟಿಗೆಯನ್ನು ಹೆಂಗಸರ ಶೌಚಾಲಯದ ಒಳಗೋಡೆಗೆ ಹಾಕಿ, ಕೀಲಿ ಸಮಿತಿಯ ಅಧ್ಯಕ್ಷೆಯ ಬಳಿ ಇರಲಿ.

"ಇಬ್ಬರನ್ನೂ ಕೂರಿಸಿ ಬಗೆಹರಿಸಿಬಿಡೋಣ" ಎನ್ನುವುದು. ರಾಜಿಗೆ ಅವಕಾಶವಿದೆ, ಆದರೆ ದೂರು ಕೊಟ್ಟವಳೇ ಕೇಳಿದರೆ ಮಾತ್ರ. ಅದರಲ್ಲೂ ದುಡ್ಡು ಕೊಟ್ಟು ಬಾಯಿ ಮುಚ್ಚಿಸುವ ರಾಜಿ ಕಾಯ್ದೆಗೆ ಒಪ್ಪಿಗೆಯಿಲ್ಲ.

ದಿನಗಳ ಲೆಕ್ಕ ಗೋಡೆಗೆ ಅಂಟಿಸುವಷ್ಟು ಸರಳ. ಘಟನೆ ನಡೆದ 3 ತಿಂಗಳೊಳಗೆ ದೂರು (ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು). 90 ದಿನದಲ್ಲಿ ವಿಚಾರಣೆ. ಮುಗಿದ 10 ದಿನದಲ್ಲಿ ವರದಿ. ವರದಿ ಬಂದ 60 ದಿನದಲ್ಲಿ ಮಾಲೀಕರ ಕ್ರಮ. ವಿಚಾರಣೆಗೆ ಅಧ್ಯಕ್ಷೆ ಸೇರಿ ಕನಿಷ್ಠ ಮೂವರು ಸದಸ್ಯರು ಇರಬೇಕು, ಎರಡೂ ಕಡೆಯವರು ವಕೀಲರನ್ನು ತರುವಂತಿಲ್ಲ. ದೂರು ಬರವಣಿಗೆಯಲ್ಲಿರಬೇಕು, ಬರೆಯಲು ಬಾರದಿದ್ದರೆ ಬರೆದುಕೊಡುವುದು ಸಮಿತಿಯ ಹೊಣೆ. ವಿಚಾರಣೆ ನಡೆಯುವಷ್ಟು ದಿನ ದೂರು ಕೊಟ್ಟವಳು ಕೇಳಿಕೊಂಡರೆ 3 ತಿಂಗಳವರೆಗೆ ಹೆಚ್ಚುವರಿ ರಜೆ, ಅಥವಾ ಇಬ್ಬರಲ್ಲಿ ಒಬ್ಬರ ವರ್ಗಾವಣೆಗೆ ಸಮಿತಿ ಶಿಫಾರಸು ಮಾಡಬಹುದು. ವರ್ಗಾವಣೆ ಎಂದ ಕೂಡಲೇ ಅವಳನ್ನೇ ಎತ್ತಿ ಇನ್ನೊಂದು ಲೈನಿಗೆ ಹಾಕುವ ಚಾಳಿ ಬಿಡಿ.

"ಸುಳ್ಳು ದೂರು ಕೊಟ್ಟರೆ?" ಎಂದು ಪ್ರತಿ ತರಬೇತಿಯಲ್ಲೂ ಯಾರಾದರೂ ಕೈ ಎತ್ತುತ್ತಾರೆ. ದುರುದ್ದೇಶದಿಂದ ಸುಳ್ಳು ದೂರು ಕೊಟ್ಟರೆ ಕ್ರಮವಿದೆ. ಆದರೆ ಸಾಬೀತು ಮಾಡಲಾಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ, ಕಾಯ್ದೆಯೇ ಹಾಗೆ ಹೇಳುತ್ತದೆ.

ಸಮಿತಿ ಮಾಡದಿದ್ದರೆ ₹50,000ದವರೆಗೆ ದಂಡ, ಮತ್ತೆ ತಪ್ಪಿದರೆ ದುಪ್ಪಟ್ಟು, ಲೈಸೆನ್ಸಿಗೂ ಕುತ್ತು. ಸದಸ್ಯರ ಹೆಸರು, ಫೋನ್ ನಂಬರು ಕನ್ನಡದಲ್ಲಿ ಗೋಡೆಯ ಮೇಲಿರಲಿ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರು ಬಹಳ ಇದ್ದಾರೆ. ಅವರಿಗೆ ಒಡಿಯಾದಲ್ಲಿ, ಹಿಂದಿಯಲ್ಲಿ ಒಂದೊಂದು ಪ್ರತಿ ಹಾಕಿ. ಇಂಥ ದೂರುಗಳಿಗೆಂದೇ ಇರುವ ಕೇಂದ್ರದ ಶಿ-ಬಾಕ್ಸ್ ಪೋರ್ಟಲ್‌ನಲ್ಲೂ ಸಮಿತಿಯ ವಿವರ ಸೇರಿಸಿ. ಕಂಪನಿಯೇ ಕಳಿಸುವ ವ್ಯಾನು, ಕೆಲಸಕ್ಕೆಂದು ಹೋದ ಗ್ರಾಹಕರ ಜಾಗ ಕೂಡ ಕಾಯ್ದೆಯ ಪ್ರಕಾರ ಕೆಲಸದ ಜಾಗವೇ ಎಂಬುದು ಡ್ರೈವರ್‌ಗಳಿಗೂ ಗೊತ್ತಿರಲಿ.

3. ಶೌಚಾಲಯದ ಕೀಲಿ

ಯಾವುದೇ ಯೂನಿಟ್‌ಗೆ ಹೋದರೂ ನಾನು ಕಾಫಿ ಕುಡಿಯುವ ಮೊದಲು ಹೆಂಗಸರ ಶೌಚಾಲಯ ನೋಡುತ್ತೇನೆ. ಕೀಲಿ ಯಾರ ಬಳಿ ಇದೆ? ಟೋಕನ್ ತಗೊಂಡು ಹೋಗಬೇಕೇ? ಲೈನಿಗೊಂದು ಟೋಕನ್ ಇಟ್ಟು, ಅದು ವಾಪಸ್ ಬರುವವರೆಗೆ ಇನ್ನೊಬ್ಬಳು ಏಳುವಂತಿಲ್ಲ ಎನ್ನುವ ಕಡೆ ಹೆಣ್ಣುಮಕ್ಕಳು ಮಧ್ಯಾಹ್ನದವರೆಗೆ ನೀರೇ ಕುಡಿಯುವುದಿಲ್ಲ. ಆಮೇಲೆ ಉರಿಮೂತ್ರ, ರಜೆ, ಹಾಜರಿ ಬೋನಸ್ ಕಡಿತ. ಟೋಕನ್ ತೆಗೆಯಿರಿ. ಒಳಗೆ ಚಿಲಕ, ನೀರು, ಬಲ್ಬು, ಮುಚ್ಚಳವಿರುವ ಕಸದ ಬುಟ್ಟಿ, ಪ್ಯಾಡ್ ಇರಲಿ. ಪ್ಯಾಡನ್ನು ಸ್ಟೋರ್ ಇನ್‌ಚಾರ್ಜ್ ಗಂಡಸಿನ ಬಳಿ ಸಹಿ ಹಾಕಿ ಪಡೆಯುವಂತೆ ಮಾಡಬೇಡಿ. ನಗಬೇಡಿ, ಹಾಗೆ ಮಾಡಿದವರಿದ್ದಾರೆ.

ಇಲ್ಲೇ ಋತುಚಕ್ರ ರಜೆಯನ್ನೂ ಹೇಳಿಬಿಡುತ್ತೇನೆ. ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿದೆ: 18ರಿಂದ 52 ವರ್ಷದ ಮಹಿಳಾ ನೌಕರರಿಗೆ ತಿಂಗಳಿಗೊಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ. ಗುತ್ತಿಗೆ, ಹೊರಗುತ್ತಿಗೆಯವರಿಗೂ ಇದೆ. ಡಾಕ್ಟರ್ ಚೀಟಿ ಬೇಡ. ಆ ತಿಂಗಳು ಬಳಸದಿದ್ದರೆ ಮುಂದಿನ ತಿಂಗಳಿಗೆ ಸೇರುವುದಿಲ್ಲ. ಮಾಲೀಕರ ಕಡೆಯವರು ಇದನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಿದ್ದಾರೆ, ಹಾಗಾಗಿ ಮುಂದಿನ ಬೆಳವಣಿಗೆಯ ಮೇಲೆ ಕಣ್ಣಿಡಿ. ಎಡವುವ ಜಾಗ: ರಜೆ ಪುಸ್ತಕದಲ್ಲಿ "ಋತುಚಕ್ರ" ಎಂದು ಕಾಲಂ ಮಾಡಿ ಎಲ್ಲರೂ ಓದುವಂತೆ ಟೇಬಲ್ ಮೇಲಿಡುವುದು. ಬರೀ ಒಂದು ಸಂಕೇತಾಕ್ಷರ ಸಾಕು.

4. ಶಿಫ್ಟನ್ನು ಬಸ್ಸಿಗೆ ಹೊಂದಿಸಿ

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ದೂರದ ಹಳ್ಳಿಯಿಂದಲೂ ಕೆಲಸಕ್ಕೆ ಬರಲು ಈಗ ಕೈಯಿಂದ ಖರ್ಚಿಲ್ಲ. ಆದರೆ ಬಸ್ಸು ನಿಮ್ಮ ಸೈರನ್ ನೋಡಿಕೊಂಡು ಬರುವುದಿಲ್ಲವಲ್ಲ. 5.40ಕ್ಕೆ ಬಸ್ಸಿದ್ದು ನಿಮ್ಮ ಶಿಫ್ಟ್ 5.45ಕ್ಕೆ ಬಿಟ್ಟರೆ ಮುಂದಿನ ಬಸ್ಸಿಗೆ ಕಾಯುತ್ತ ಕತ್ತಲಲ್ಲಿ ನಿಲ್ಲಬೇಕು. ಶಿಫ್ಟನ್ನು ಕಾಲು ಗಂಟೆ ಹಿಂದೆಮುಂದೆ ಮಾಡಲು ನಿಮಗೆ ನಯಾಪೈಸೆ ಖರ್ಚಿಲ್ಲ.

ಸಂಜೆ 7ರ ನಂತರ, ಬೆಳಿಗ್ಗೆ 6ಕ್ಕೆ ಮುಂಚೆ ಹೆಂಗಸರನ್ನು ದುಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಹೊಣೆ ನಿಮ್ಮದು. ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಿರಿ. ಮನೆ ಬಾಗಿಲವರೆಗೆ ವಾಹನ ಇಲ್ಲದೆ ರಾತ್ರಿ ಪಾಳಿ ಶುರುಮಾಡಬೇಡಿ. ನೇಮಕದ ದಿನವೇ ಹತ್ತು ಕಾಗದದ ನಡುವೆ ತೂರಿಸಿ ಹಾಕಿಸಿಕೊಂಡ ಸಹಿಯನ್ನು ನಾನಂತೂ ಒಪ್ಪಿಗೆ ಎನ್ನುವುದಿಲ್ಲ.

5. ನೇಮಕ ಮತ್ತು ಹೆರಿಗೆ: ಇಲ್ಲಿ ಭಯವೇ ಜಾಸ್ತಿ

ಜಾಹೀರಾತಿನಲ್ಲಿ "ಯುವಕರು ಬೇಕಾಗಿದ್ದಾರೆ" ಎಂಬುದನ್ನು ತೆಗೆಯಿರಿ. ಸಂದರ್ಶನದಲ್ಲಿ "ಮದುವೆ ಯಾವಾಗ?", "ಮಕ್ಕಳ ಪ್ಲಾನ್ ಏನಮ್ಮಾ?" ಎಂಬ ಪ್ರಶ್ನೆಗಳನ್ನೂ. ಐದಾರು ಪ್ರಶ್ನೆ ಮೊದಲೇ ಬರೆದಿಟ್ಟುಕೊಂಡು ಗಂಡಿಗೂ ಹೆಣ್ಣಿಗೂ ಅವನ್ನೇ ಕೇಳಿ.

ಆ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿರುವುದು 26 ವಾರದ ಹೆರಿಗೆ ರಜೆ. ಅದು 2017ರಲ್ಲಿ 12ರಿಂದ 26 ವಾರಕ್ಕೆ ಏರಿತು. ಈಗಾಗಲೇ ಇಬ್ಬರು ಮಕ್ಕಳಿರುವವರಿಗೆ 12 ವಾರ. "ಅಷ್ಟೂ ಸಂಬಳ ನನ್ನ ಜೇಬಿನಿಂದ" ಎಂದು ಮಾಲೀಕರು ಗಟ್ಟಿಯಾಗಿ ನಂಬಿದ್ದಾರೆ. ಈಗ ನಿಮ್ಮ ಸಂಬಳದ ಶೀಟನ್ನು ಮತ್ತೆ ತೆಗೆಯಿರಿ. ತಿಂಗಳಿಗೆ ₹21,000ವರೆಗೆ ಪಡೆಯುವ ನೌಕರರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಇಎಸ್‌ಐ ಎಂದರೆ ನೌಕರರ ರಾಜ್ಯ ವಿಮೆ. ಅದಕ್ಕೆ ನೀವು ಸಂಬಳದ ಶೇ 3.25, ಅವರು ಶೇ 0.75 ಕಟ್ಟುತ್ತೀರಿ. ಇಎಸ್‌ಐನಲ್ಲಿರುವವಳ ಹೆರಿಗೆ ರಜೆಯ ದುಡ್ಡನ್ನು ಕೊಡುವುದು ಇಎಸ್‌ಐ ನಿಗಮ, ನೀವಲ್ಲ. ಗಾರ್ಮೆಂಟ್ಸ್, ಪ್ಯಾಕಿಂಗ್, ಅಂಗಡಿಗಳಲ್ಲಿ ಬಹುಪಾಲು ಹೆಣ್ಣುಮಕ್ಕಳು ಈ ಮಿತಿಯೊಳಗೇ ಇರುತ್ತಾರೆ. ತಿಂಗಳು ತಿಂಗಳು ಕಂತು ಕಟ್ಟುತ್ತಲೇ ಇರುವ ವಿಮೆಗೆ ಹೆದರಿ ಒಳ್ಳೆಯ ಟೈಲರ್‌ನ್ನು ಕೈಬಿಡುವುದು ಯಾವ ಲೆಕ್ಕ?

ಷರತ್ತು ಒಂದಿದೆ: ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದು ಅವಧಿ ಎಂದರೆ ಆರು ತಿಂಗಳು) ಅವಳ ಹೆಸರಿನಲ್ಲಿ ಕನಿಷ್ಠ 70 ದಿನದ ವಂತಿಗೆ ಇರಬೇಕು. ಆದ್ದರಿಂದ ಸೇರಿದ ಮೊದಲ ದಿನವೇ ನೋಂದಾಯಿಸಿ. "ಮೂರು ತಿಂಗಳು ನೋಡಿ ಆಮೇಲೆ ಇಎಸ್‌ಐ" ಎಂಬ ಪದ್ಧತಿ ಕಾನೂನಿಗೂ ವಿರುದ್ಧ, ಅವಳಿಗೂ ನಷ್ಟ. ₹21,000 ಮೀರಿದವರಿಗೆ ಮಾತ್ರ ರಜೆ ಸಂಬಳ ನೀವೇ ಕೊಡಬೇಕು. ಅವರು ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು.

ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ವಾಪಸ್ ಬಂದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವು ಕೊಡಬೇಕು. 50 ಜನರಿದ್ದರೆ ಶಿಶುಪಾಲನಾ ಕೇಂದ್ರ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿಬರಬಹುದು. ಇಲ್ಲೂ ಲೆಕ್ಕ ಹೆಂಗಸರದ್ದಲ್ಲ, ಎಲ್ಲ ನೌಕರರದ್ದು. ನಿಮ್ಮೊಬ್ಬರಿಗೆ ಭಾರವಾದರೆ ಅಕ್ಕಪಕ್ಕದ ನಾಲ್ಕು ಯೂನಿಟ್‌ಗಳು ಸೇರಿ ಒಂದು ನಡೆಸಬಹುದು. ನರೇಗಾ ಕೆಲಸದವರ ಮಕ್ಕಳಿಗೆಂದು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳು ಬಂದಿವೆ. ಹತ್ತಿರದ್ದೊಂದನ್ನು ನೋಡಿಬನ್ನಿ, ಮಕ್ಕಳನ್ನು ಇರಿಸಿಕೊಳ್ಳಲು ದೊಡ್ಡ ಕಟ್ಟಡವೇನೂ ಬೇಡ ಎಂದು ತಿಳಿಯುತ್ತದೆ.

6. ಏಣಿಯ ಮೆಟ್ಟಿಲು

ಹಂತ ಒಂದರ ಹಾಳೆಯನ್ನು ತಿರುಗಿ ನೋಡಿ. ಹೊಲಿಯುವವರೆಲ್ಲ ಹೆಂಗಸರು, ಸೂಪರ್‌ವೈಸರ್‌ಗಳೆಲ್ಲ ಗಂಡಸರು ಎಂದಿದೆಯೇ? "ಅವರೇ ಬೇಡ ಅಂತಾರೆ ಮೇಡಂ." ಕೇಳಿ ನೋಡಿದರೆ ಬೇಡ ಎನ್ನುವುದು ಹುದ್ದೆಯನ್ನಲ್ಲ, ಸೂಪರ್‌ವೈಸರ್ ಆದರೆ ಟಾರ್ಗೆಟ್‌ಗಾಗಿ ಬೈಯಬೇಕು, ರಾತ್ರಿ ಎಂಟಕ್ಕೆ ಮೀಟಿಂಗ್‌ನಲ್ಲಿ ಕೂರಬೇಕು ಎಂಬುದನ್ನು. ಮೀಟಿಂಗನ್ನು ಮಧ್ಯಾಹ್ನ ಮೂರಕ್ಕೆ ತನ್ನಿ. ಇಬ್ಬರು ಹಳೆಯ ಟೈಲರ್‌ಗಳನ್ನು ಮೂರು ತಿಂಗಳು ಸೂಪರ್‌ವೈಸರ್ ಜೊತೆ ನಿಲ್ಲಿಸಿ. ಉತ್ಪಾದನೆಯ ಲೆಕ್ಕ ಬರೆಯುವುದು, ಎಕ್ಸೆಲ್ ತುಂಬುವುದು ಕಲಿಸಿ. ಆ ಮೂರು ತಿಂಗಳಿಗೂ ಭತ್ಯೆ ಕೊಡಿ. ಪಕ್ಕದಲ್ಲೇ ಇನ್ನೊಬ್ಬಳು ಮಹಿಳಾ ಸೂಪರ್‌ವೈಸರ್ ಇಲ್ಲದಂತೆ ಒಬ್ಬಳನ್ನೇ ಏರಿಸಬೇಡಿ. ಅವಳ ಒಂದೊಂದು ತಪ್ಪೂ "ಹೆಂಗಸರ ಕೈಲಿ ಆಗಲ್ಲ" ಎಂಬುದಕ್ಕೆ ಸಾಕ್ಷಿಯಾಗಿಬಿಡುತ್ತದೆ.

7. ದುಡ್ಡು ಅವಳ ಹೆಸರಿಗೆ

ಸಂಬಳ ಅವಳ ಸ್ವಂತ ಖಾತೆಗೆ ಹೋಗಲಿ. ಗಂಡನ ಜೊತೆಗಿನ ಜಂಟಿ ಖಾತೆ, ಅಣ್ಣನ ಖಾತೆ ಬೇಡ. ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಯಾರದು ಎಂದು ಒಮ್ಮೆ ಕೇಳಿ. ಮೆಸೇಜು ಗಂಡನ ಫೋನಿಗೆ ಹೋಗುತ್ತಿದ್ದರೆ ಸಂಬಳ ಬಂದದ್ದು ಅವಳಿಗೇ ಕೊನೆಗೆ ತಿಳಿಯುತ್ತದೆ. ಎಟಿಎಂ ಕಾರ್ಡ್ ಯಾರ ಜೇಬಿನಲ್ಲಿದೆ ಎಂಬಲ್ಲಿಗೆ ಮಾಲೀಕರು ಕೈಹಾಕುವಂತಿಲ್ಲ. ಆದರೆ ಕನ್ನಡದಲ್ಲಿ ಪೇಸ್ಲಿಪ್ ಕೊಟ್ಟು, ಪಿಎಫ್ (ಭವಿಷ್ಯ ನಿಧಿ) ಬಾಕಿ ನೋಡುವುದನ್ನು ಕಲಿಸಬಹುದು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಿಂಪಡೆಯುವ ನಿಯಮ ಬಿಗಿ ಮಾಡಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗಿಳಿದರು, ಕೇಂದ್ರ ಸರ್ಕಾರ ನಿಯಮವನ್ನೇ ಹಿಂಪಡೆಯಿತು. ಆ ದುಡ್ಡು ಅವರಿಗೆ ಎಷ್ಟು ಮುಖ್ಯ ಎಂಬುದಕ್ಕೆ ಬೇರೆ ಪುರಾವೆ ಬೇಡ.

ನೀವು ಖರೀದಿಸುವ ಕಡೆಗೂ ನೋಡಿ. ಕ್ಯಾಂಟೀನಿನ ರೊಟ್ಟಿ, ಸಂಜೆಯ ಚುರುಮುರಿ, ಯೂನಿಫಾರ್ಮ್ ಹೊಲಿಗೆಯನ್ನು ಸ್ತ್ರೀಶಕ್ತಿ ಅಥವಾ ಸಂಜೀವಿನಿ ಮಹಿಳಾ ಸ್ವಸಹಾಯ ಗುಂಪಿಗೆ ಕೊಡಬಹುದು. ಕೊಟ್ಟ ಮೇಲೆ ಬಿಲ್ಲನ್ನು ತೊಂಬತ್ತು ದಿನ ತಳ್ಳಬೇಡಿ. ಅವರಿಗೆ ತಿಂಗಳ ಸಾಲದ ಕಂತಿರುತ್ತದೆ. ಕೇಂದ್ರ ಸರ್ಕಾರದ ಇಲಾಖೆಗಳು, ಉದ್ಯಮಗಳು ತಮ್ಮ ಖರೀದಿಯಲ್ಲಿ ಶೇ 3ನ್ನು ಮಹಿಳೆಯರ ಸಣ್ಣ ಉದ್ಯಮಗಳಿಂದ ಮಾಡಬೇಕೆಂಬ ನಿಯಮವಿದೆ. ಅದಕ್ಕೆಂದು ಹೆಂಡತಿಯ ಹೆಸರಲ್ಲಿ ಸಂಸ್ಥೆ ತೆರೆದು ಚೆಕ್‌ಗೆ ಸಹಿ ಮಾತ್ರ ಹಾಕಿಸುವವರಿಗೆ ಈ ಲೇಖನದಿಂದ ಉಪಯೋಗವಿಲ್ಲ.

8. ಜನವರಿಯ ಕೆಲಸ

ಆಂತರಿಕ ಸಮಿತಿ ಪ್ರತಿ ವರ್ಷದ ವರದಿಯನ್ನು ನಿಮಗೂ ಜಿಲ್ಲಾ ಅಧಿಕಾರಿಗೂ ಕೊಡಬೇಕು: ಎಷ್ಟು ದೂರು ಬಂತು, ಎಷ್ಟು ಮುಗಿಯಿತು, 90 ದಿನ ಮೀರಿದ್ದೆಷ್ಟು, ಎಷ್ಟು ತರಬೇತಿ ನಡೆಯಿತು, ಏನು ಕ್ರಮವಾಯಿತು. ದೂರು ಒಂದೂ ಇಲ್ಲದಿದ್ದರೂ ವರದಿ ಕಳಿಸಬೇಕು. ಜನವರಿಯಲ್ಲೇ ಮುಗಿಸಿಬಿಡಿ, ಅದೇ ದಿನ ಹಂತ ಒಂದರ ಹಾಳೆಯನ್ನೂ ಹೊಸದಾಗಿ ಬರೆದು ಹಳೆಯದರ ಪಕ್ಕ ಇಡಿ.

"ನಮ್ಮಲ್ಲಿ ದೂರು ಸೊನ್ನೆ" ಎಂದು ಯಾರಾದರೂ ಎದೆ ತಟ್ಟಿಕೊಂಡರೆ ನಾನು ಸಮಿತಿಯ ಅಧ್ಯಕ್ಷೆಯ ಹೆಸರನ್ನು ಲೈನಿನ ಕೊನೆಯ ಮೆಷಿನ್ನಿನವಳ ಬಳಿ ಕೇಳುತ್ತೇನೆ. ಅವಳಿಗೆ ಗೊತ್ತಿಲ್ಲದಿದ್ದರೆ ಹಂತ ಎರಡಕ್ಕೆ ವಾಪಸ್ ಹೋಗಿ.